ಕಣ್ಣು ಹಳದಿಯಾದಾಗ: ಮನುಷ್ಯರ ಮತ್ತು ಸಾಕುಪ್ರಾಣಿಗಳ ಕಾಮಾಲೆ

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ವಾಸ್ತವವಾಗಿ ನಡೆಯುವುದು ಇದರ ತಿರುವುಮುರುವು. ಕಾಮಾಲೆಯಾದವನಿಗೆ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವನು ಹಳದಿಯಾಗಿ ಕಾಣುತ್ತಾನೆ. ಧಾರವಾಡ, ವಿಜಯಪುರದ ಕಡೆಯವರು ಇದನ್ನು ಕಾಮಣಿ ಎನ್ನುವರು. ಕರಾವಳಿಯವರು ಅರಸಿನ ಕಾಮಾಲೆ ಎನ್ನುವರು. ಇಲ್ಲಿಯ ನಮ್ಮ ಮರಾಠಿ ನೆರೆಹೊರೆಯವರು ಕಾವೀಳ ಎನ್ನುವರು. ಹೆಸರು ಹೇಳಿದೊಡನೆ ರೋಗ ತಿಳಿಯಿತೆಂದು ಎಣಿಸಿ ಮದ್ದು ಹುಡುಕ ಹೊರಡುವುದು ನಮ್ಮ ವಾಡಿಕೆ. ತೊಂದರೆ ಮೊದಲಾಗುವುದೇ ಅಲ್ಲಿಂದ.

ರಜೆಯ ಅರ್ಜಿಗಳನ್ನು ದಾಖಲೆ ಮಾಡುವ ಗುಮಾಸ್ತನಾದುದರಿಂದ, ಮಳೆಗಾಲ ಬಂತೆಂದರೆ ಕಾರಣದ ಅಂಕಣದಲ್ಲಿ ಕಾವೀಳ ಎಂದು ಬರೆದ ಚೀಟಿಗಳು ನನ್ನ ಮೇಜಿಗೆ ಬರುವುದನ್ನು ನೋಡುತ್ತಿರುತ್ತೇನೆ. ಎಲ್ಲ ಚೀಟಿಗಳಲ್ಲಿಯೂ ಶಬ್ದ ಒಂದೇ. ಆದರೆ ಒಳಗಿನ ರೋಗ ಒಂದೇ ಅಲ್ಲ. ಕೆಮ್ಮಿನಂತೆ, ಜ್ವರದಂತೆ, ಕಾಮಾಲೆಯೂ ರೋಗದ ಗುರುತೇ ಹೊರತು ತಾನೇ ಒಂದು ರೋಗವಲ್ಲ. ಈ ಒಂದು ಮಾತು ವಾಚಕರ ಮನಸ್ಸಿನಲ್ಲಿ ನಿಂತರೆ ಈ ಲೇಖನದ ಕೆಲಸ ಆದಂತೆ.

ಹಳದಿ ಬಣ್ಣ ಎಲ್ಲಿಂದ ಬರುತ್ತದೆ?

ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬಾಳುತ್ತವೆ. ಅನಂತರ ದೇಹ ಅವನ್ನು ಒಡೆದು, ಅದರೊಳಗಿನ ಕಬ್ಬಿಣವನ್ನು ಮರಳಿ ಬಳಸಿಕೊಳ್ಳುತ್ತದೆ. ಉಳಿದ ಕೆಂಪು ಬಣ್ಣ ಮೊದಲು ಹಸುರಾಗಿ, ಬಳಿಕ ಹಳದಿಯಾಗಿ ಮಾರ್ಪಡುತ್ತದೆ. ಪೆಟ್ಟು ಬಿದ್ದ ಜಾಗ ಕಪ್ಪಾಗಿ, ಹಸುರಾಗಿ, ಹಳದಿಯಾಗಿ ಮಾಯುವುದನ್ನು ನೋಡಿದ್ದೀರಲ್ಲ, ಅದೇ ಕ್ರಮ. ಈ ಹಳದಿ ವಸ್ತುವಿಗೆ ಬಿಲಿರುಬಿನ್ ಎಂದು ಹೆಸರು. ಯಕೃತ್ತು, ಅಂದರೆ ಲಿವರ್, ಇದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸದೊಡನೆ ಕರುಳಿಗೆ ಕಳುಹಿಸುತ್ತದೆ. ಮಲಕ್ಕೆ ಅದರ ಬಣ್ಣ ಬರುವುದು ಇದರಿಂದಲೇ.

ಆರೋಗ್ಯವಂತರ ನೂರು ಮಿಲಿಲೀಟರ್ ರಕ್ತದಲ್ಲಿ ಬಿಲಿರುಬಿನ್ ಸುಮಾರು ಒಂದು ಮಿಲಿಗ್ರಾಮಿನೊಳಗೆ ಇರುತ್ತದೆ. ಅದು ಎರಡೂವರೆ ಮೂರಕ್ಕೆ ಏರಿದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ. ಕಾರಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಮಾಲು ರಾಶಿ ಬೀಳುವುದಕ್ಕೆ ಮೂರೇ ಕಾರಣ: ಬರುವ ಮಾಲು ವಿಪರೀತವಾದರೆ, ಯಂತ್ರ ಕೆಟ್ಟರೆ, ಇಲ್ಲವೆ ಹೊರಹೋಗುವ ಬಾಗಿಲು ಮುಚ್ಚಿದರೆ. ರಕ್ತಕಣಗಳು ಬೇಗ ಬೇಗ ಒಡೆಯುವುದು ಮೊದಲನೆಯದು. ಯಕೃತ್ತಿಗೇ ಬೇನೆ ಬರುವುದು ಎರಡನೆಯದು. ಪಿತ್ತನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡಬರುವುದು ಮೂರನೆಯದು. ಮನುಷ್ಯನಿಗೂ ನಾಯಿಗೂ ಬೆಕ್ಕಿಗೂ ಎಮ್ಮೆಗೂ ಈ ಲೆಕ್ಕ ಒಂದೇ.

ನೀರಿನಿಂದ ಬರುವ ಕಾಮಾಲೆ

ನಮ್ಮ ಚಾಳುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಬಗೆ. ಅದರಲ್ಲಿಯೂ ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ ಎಂಬ ಎರಡು ವೈರಸ್ಸುಗಳ ಕೆಲಸ. ರೋಗಿಯ ಮಲದಲ್ಲಿ ಹೊರಬಿದ್ದ ವೈರಸ್ ಇನ್ನೊಬ್ಬರ ಕುಡಿಯುವ ನೀರನ್ನೋ ಆಹಾರವನ್ನೋ ಸೇರುವುದೇ ಇವು ಹರಡುವ ಮುಖ್ಯ ದಾರಿ.

1955ರ ಡಿಸೆಂಬರಿನಿಂದ 1956ರ ಜನವರಿಯ ತನಕ ದಿಲ್ಲಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಯಮುನೆಯ ಹರಿವು ಬದಲಾಗಿ, ನಜಫಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ನೀರೆತ್ತುವ ಜಾಗಕ್ಕೆ ಹಿಮ್ಮೆಟ್ಟಿತ್ತು. ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದುದರಿಂದ ವಿಷಮಜ್ವರದಂಥ ರೋಗಗಳು ಏರಲಿಲ್ಲ. ಆದರೆ ಕಾಮಾಲೆಯ ವೈರಸ್ ಕ್ಲೋರಿನ್ನನ್ನು ದಾಟಿ ಬಂದಿತು. ಅದು ಯಾವ ವೈರಸ್ ಎಂಬುದು ಆಗ ತಿಳಿದಿರಲಿಲ್ಲ. ಆ ಕಾಲದ ರೋಗಿಗಳ ರಕ್ತವನ್ನು ಜೋಪಾನವಾಗಿ ಇಟ್ಟಿದ್ದುದರಿಂದ 1980ರಲ್ಲಿ ಪರೀಕ್ಷಿಸಿ, ಇದು ಹೆಪಟೈಟಿಸ್ ಎ ಅಲ್ಲವೆಂದು ಕಂಡುಕೊಂಡರು. 1983ರಲ್ಲಿ ರಷ್ಯದ ಬಲಾಯನ್ ಎಂಬ ವಿಜ್ಞಾನಿ ರೋಗಿಗಳ ಮಲದಿಂದ ಸೋಸಿ ತೆಗೆದ ದ್ರವವನ್ನು ತಾನೇ ಕುಡಿದು, ಕಾಮಾಲೆ ಬರಿಸಿಕೊಂಡು, ಈ ಹೊಸ ವೈರಸ್ಸನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದನು. ಅದಕ್ಕೇ ಈಗ ಹೆಪಟೈಟಿಸ್ ಇ ಎಂದು ಹೆಸರು.

ಇದು ಹಳೆಯ ಕಥೆಯಲ್ಲ. ನಮ್ಮ ಗಡಿಯ ಮಗ್ಗುಲಲ್ಲೇ ಇರುವ ಮಗ್ಗದ ಊರು ಇಚಲಕರಂಜಿಯಲ್ಲಿ 2012ರಲ್ಲಿ ಕಾಮಾಲೆ ದೊಡ್ಡದಾಗಿ ಹಬ್ಬಿ ಸಾವುಗಳಾದವು. ನಳದಲ್ಲಿ ದಿನಕ್ಕೆ ಕೆಲವೇ ಹೊತ್ತು ನೀರು ಬರುವ ಕಡೆಗಳಲ್ಲಿ ಈ ಅಪಾಯ ಸದಾ ಇದೆ. ನೀರು ನಿಂತಾಗ ಕೊಳವೆ ಬರಿದಾಗುತ್ತದೆ; ಕೊಳವೆಗೆ ಬಿರುಕಿದ್ದು ಅದರ ಮಗ್ಗುಲಲ್ಲಿ ಗಟಾರವಿದ್ದರೆ ಹೊಲಸು ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ ನೀರು ಬಂದೊಡನೆ ಮೊದಲ ಎರಡು ಬಿಂದಿಗೆಯನ್ನು ಕುಡಿಯಲು ಹಿಡಿಯಬಾರದು. ಆ ಮೇಲೆ ಹಿಡಿದುದನ್ನೂ ಕುದಿಸಬೇಕು. ಬೆಚ್ಚಗೆ ಮಾಡಿದರೆ ಸಾಲದು. ಗುಳ್ಳೆ ಏಳುತ್ತ ಒಂದೆರಡು ನಿಮಿಷ ಮರಳಬೇಕು.

ಈ ವೈರಸ್ ದೇಹ ಸೇರಿದ ಮೇಲೆ ಕಾಮಾಲೆ ಕಾಣಿಸಲು ಎರಡು ವಾರದಿಂದ ಹತ್ತು ವಾರದ ತನಕ ಹಿಡಿಯಬಹುದು. ಇಂದು ಕಣ್ಣು ಹಳದಿಯಾದವನು ಬಹುಶಃ ಹೋದ ತಿಂಗಳ ನೀರಿನ ಫಲವನ್ನು ಉಣ್ಣುತ್ತಿದ್ದಾನೆ. ಹೀಗಾಗಿ ಒಂದು ಚಾಳಿನಲ್ಲಿ ಎರಡು ಮೂರು ಮನೆಗಳಿಗೆ ಕಾಮಾಲೆ ಬಂತೆಂದರೆ ಕೂಡಲೇ ಮಹಾನಗರಪಾಲಿಕೆಯ ಆರೋಗ್ಯ ವಿಭಾಗಕ್ಕೆ ಲಿಖಿತವಾಗಿ ತಿಳಿಸಬೇಕು. ತಡಮಾಡಿದರೆ ಮುಂದಿನ ತಿಂಗಳ ರೋಗಿಗಳು ಆಗಲೇ ಆ ನೀರನ್ನು ಕುಡಿದಾಗಿರುತ್ತದೆ.

ಎ ಮತ್ತು ಇ ಬಗೆಗಳು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆದರೆ ಒಂದು ಮಾತನ್ನು ಗೆರೆ ಎಳೆದು ಓದಬೇಕು. ಬಸುರಿಯರಿಗೆ, ಅದರಲ್ಲಿಯೂ ಏಳು ತಿಂಗಳಾದ ಮೇಲೆ, ಹೆಪಟೈಟಿಸ್ ಇ ಬಂದರೆ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಮಂದಿಯ ತನಕ ಸಾಯುವುದುಂಟು. ಬಸುರಿಯ ಕಣ್ಣು ಹಳದಿಯಾದರೆ ಆ ದಿನವೇ ಆಸ್ಪತ್ರೆ, ಮಾರನೆಯ ದಿನವಲ್ಲ.

ರಕ್ತದಿಂದ ಬರುವ ಕಾಮಾಲೆ

ಹೆಪಟೈಟಿಸ್ ಬಿ ಮತ್ತು ಸಿ ನೀರಿನಿಂದ ಬರುವುದಿಲ್ಲ. ರಕ್ತ, ಸೂಜಿ, ಇನ್ನೊಬ್ಬರಿಗೆ ಬಳಸಿದ ಕ್ಷೌರದ ಬ್ಲೇಡು, ಹಚ್ಚೆಯ ಸೂಜಿ, ತಾಯಿಯಿಂದ ಮಗು, ಇವು ಅವುಗಳ ದಾರಿ. ಬಿ ಬಗೆ ಲೈಂಗಿಕ ಸಂಪರ್ಕದಿಂದಲೂ ಬರುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾ ಎಂಬ ಊರಿನಲ್ಲಿ ಒಮ್ಮೆ ಬಳಸಿದ ಸಿರಿಂಜುಗಳನ್ನೇ ಮತ್ತೆ ಮತ್ತೆ ಬಳಸಿದುದರಿಂದ ಹೆಪಟೈಟಿಸ್ ಬಿ ಹಬ್ಬಿ ಅನೇಕರು ಸತ್ತರು. ಮೈಕೈ ನೋವಿಗೆಲ್ಲ ಇಂಜೆಕ್ಷನ್ ಬೇಕೇ ಬೇಕೆಂದು ಹಟ ಹಿಡಿಯುವ ನಮ್ಮವರು ಇದನ್ನು ನೆನಪಿಡತಕ್ಕದ್ದು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೆ ಒಡೆಯಲಿ.

ಈ ಎರಡು ರೋಗಗಳು ಎಷ್ಟೋ ಜನರಲ್ಲಿ ಹಳದಿ ಬಣ್ಣ ತೋರಿಸದೆಯೇ ವರ್ಷಗಟ್ಟಲೆ ಯಕೃತ್ತನ್ನು ಸವೆಸುತ್ತವೆ. ಸಿ ಬಗೆಯನ್ನು ಈಗ ಸಾಮಾನ್ಯವಾಗಿ ಹನ್ನೆರಡು ವಾರದ ಗುಳಿಗೆಗಳಿಂದ ಪೂರ್ತಿ ಗುಣಪಡಿಸಬಹುದು. ಬಿ ಬಗೆಯನ್ನು ಔಷಧದಿಂದ ಹತೋಟಿಯಲ್ಲಿ ಇಡಬಹುದು. ಹುಟ್ಟಿದ 24 ತಾಸಿನೊಳಗೆ ಮಗುವಿಗೆ ಲಸಿಕೆ ಕೊಡಿಸಿ ತಡೆಯಲೂಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಯೋಜನೆಯ ಪ್ರಕಾರ ಇವುಗಳ ಪರೀಕ್ಷೆ ಮತ್ತು ಔಷಧ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ.

ಮಳೆನೀರು, ಇಲಿ ಮತ್ತು ನಾಯಿ

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದು ಮುಂಬಯಿ ಠಾಣೆಗಳ ಜನರಿಗೆ ಇಂದಿಗೂ ಮರೆತಿಲ್ಲ. ನೀರು ಇಳಿದ ಬಳಿಕ ಮುಂಬಯಿಯಲ್ಲಿ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಹಬ್ಬಿತು. ಇಲಿಯ ಮೂತ್ರದಲ್ಲಿರುವ ರೋಗಾಣು ನಿಂತ ನೀರನ್ನು ಸೇರಿ, ಕಾಲಿನ ಬಿರುಕು ಗಾಯಗಳ ಮೂಲಕ ದೇಹದೊಳಕ್ಕೆ ಹೋಗುತ್ತದೆ. ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕೆಂಗಣ್ಣು ಕಾಣಿಸುತ್ತವೆ. ಕೆಲವರಲ್ಲಿ ಕಾಮಾಲೆ ಬಂದು ಮೂತ್ರಪಿಂಡವೂ ಕೆಡುತ್ತದೆ.

ಎ ಮತ್ತು ಇ ಬಗೆಯ ಕಾಮಾಲೆಗೆ ವಿಶೇಷ ಮದ್ದು ಬೇಕಿಲ್ಲವಾದರೂ ಇದಕ್ಕೆ ಬೇಕೇಬೇಕು. ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಮುಂತಾದವು ಬೇಗ ಕೊಟ್ಟಷ್ಟೂ ಫಲಕಾರಿ. ಕಾಮಾಲೆಯಲ್ಲವೇ, ಹದಿನೈದು ದಿನ ಪಥ್ಯ ಮಾಡಿದರಾಯಿತು ಎಂದು ಕುಳಿತವನು ಇಲ್ಲಿ ಜೀವಕ್ಕೆ ಎರವಾಗುತ್ತಾನೆ. ಎಂಐಡಿಸಿಯಿಂದ ಸ್ಟೇಷನ್ನಿಗೆ ಮೊಳಕಾಲು ನೀರಿನಲ್ಲಿ ನಡೆದು ಬಂದಿದ್ದರೆ ಅದನ್ನು ಡಾಕ್ಟರರಿಗೆ ಕೇಳದೆಯೇ ಹೇಳಿರಿ. ಕಾಲಿಗೆ ಗಾಯವಿದ್ದು ಅಂಥ ನೀರಿನಲ್ಲಿ ನಡೆದಿದ್ದರೆ, ಮುನ್ನೆಚ್ಚರಿಕೆಯ ಗುಳಿಗೆ ಬೇಕೇ ಎಂದು ಮೂರು ದಿನದೊಳಗೆ ಕೇಳಿರಿ.

ಈ ರೋಗ ನಾಯಿಗೂ ಬರುತ್ತದೆ. ಗಟಾರದ ನೀರು ಕುಡಿದ, ಇಲಿ ಹಿಡಿದ ನಾಯಿ ಜ್ವರದಿಂದ ಮಂಕಾಗಿ, ವಾಂತಿ ಮಾಡಿ, ಹಳದಿಯಾಗಬಹುದು. ನಾಯಿಯ ಬಣ್ಣವನ್ನು ಮೈಯಲ್ಲಿ ನೋಡಿ ಪ್ರಯೋಜನವಿಲ್ಲ. ತುಟಿ ಎತ್ತಿ ವಸಡು ನೋಡಬೇಕು, ಕಣ್ಣಿನ ಬಿಳಿಭಾಗ ಮತ್ತು ಕಿವಿಯ ಒಳಮಗ್ಗುಲು ನೋಡಬೇಕು. ನಾಯಿಯ ಕಾಮಾಲೆ ಮನೆಯವರಿಗೆ ಹತ್ತುವುದೇ ಎಂದು ಹಲವರು ಕೇಳುತ್ತಾರೆ. ಕಾಮಾಲೆ ಹತ್ತುವುದಿಲ್ಲ, ಆದರೆ ಅದರ ಕಾರಣ ಇಲಿಜ್ವರವಾಗಿದ್ದರೆ ಆ ನಾಯಿಯ ಮೂತ್ರದಿಂದ ಮನುಷ್ಯನಿಗೆ ರೋಗ ಬರಬಹುದು. ಬರಿಗೈಯಿಂದ ಒರೆಸಬಾರದು, ಮಕ್ಕಳನ್ನು ದೂರವಿಡಬೇಕು. ನಾಯಿಗೆ ಇದರ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು.

ಸಾಕುಪ್ರಾಣಿಗಳ ಇತರ ಕಾಮಾಲೆಗಳು

ಉಣ್ಣೆಹುಳು ಕಚ್ಚುವುದರಿಂದ ನಾಯಿಗೂ ದನಕ್ಕೂ ಬಬೇಸಿಯ ಎಂಬ ಜ್ವರ ಬರುತ್ತದೆ. ಅದು ರಕ್ತಕಣಗಳನ್ನೇ ಒಡೆಯುವುದರಿಂದ ವಸಡು ಮೊದಲು ಬಿಳಚಿ, ಬಳಿಕ ಹಳದಿಯಾಗುತ್ತದೆ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಪಶುವೈದ್ಯರಲ್ಲಿ ನಿರ್ದಿಷ್ಟ ಔಷಧವಿದೆ.

ಅಡಿಗೆಮನೆಯಲ್ಲಿಯೂ ಅಪಾಯವುಂಟು. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತಕಣಗಳನ್ನು ಒಡೆಯುತ್ತವೆ. ಮಿಕ್ಕ ಸಾರನ್ನವನ್ನು ದಿನವೂ ಹಾಕುವವರು ಯೋಚಿಸಬೇಕು. ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದು ವಿಷ ಕೊಟ್ಟಂತೆ. ಒಂದು ಗುಳಿಗೆ ಸಾಕು ಅದರ ಪ್ರಾಣ ಹೋಗಲು. ಕೊಬ್ಬಿದ ಬೆಕ್ಕು ಏನೋ ಕಾರಣದಿಂದ ಮೂರು ನಾಲ್ಕು ದಿನ ಉಣ್ಣದಿದ್ದರೆ ಕೊಬ್ಬು ಯಕೃತ್ತಿಗೆ ತುಂಬಿ ಕಾಮಾಲೆಯಾಗುತ್ತದೆ. ಊರಿನಲ್ಲಿ ದನ ಸಾಕಿದವರಿಗೆ ಲಂಟಾನದ ಪೊದೆ ಗೊತ್ತೇ ಇದೆ. ಬರಗಾಲದಲ್ಲಿ ಮೇವಿಲ್ಲದೆ ಅದನ್ನು ತಿಂದ ದನಕ್ಕೆ ಕಾಮಾಲೆಯಾಗಿ, ಬಿಸಿಲು ತಾಗಿದಲ್ಲಿ ಮೂತಿಯ ಚರ್ಮ ಹುಣ್ಣಾಗುತ್ತದೆ. ಅಂಥ ದನವನ್ನು ನೆರಳಿನಲ್ಲಿ ಕಟ್ಟಿ ವೈದ್ಯರನ್ನು ಕರೆಯಬೇಕು. ನಮ್ಮ ಕಡೆಯ ಪಶುವೈದ್ಯರಿಂದ ಆಗದಿದ್ದಲ್ಲಿ ಪರಳದ ಬಾಯಿ ಸಾಕರಬಾಯಿ ಪ್ರಾಣಿಗಳ ಆಸ್ಪತ್ರೆ ಇದೆ.

ನಾಯಿಗಳು ಕೊಟ್ಟ ಎಚ್ಚರಿಕೆ

ಮನುಷ್ಯರ ಕಾಮಾಲೆ ಬೇರೆ, ಪ್ರಾಣಿಗಳದು ಬೇರೆ ಎನ್ನುವವರು 1974ರಲ್ಲಿ ನಡೆದುದನ್ನು ಕೇಳಬೇಕು. ಆ ವರ್ಷ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ ಜಿಲ್ಲೆಗಳಲ್ಲಿ ಅಕಾಲ ಮಳೆ ಬಿದ್ದು ಮೆಕ್ಕೆಜೋಳ ತೊಯ್ದಿತು. ಬಡ ಆದಿವಾಸಿಗಳು ಅದನ್ನೇ ಕೂಡಿಟ್ಟು ತಿಂದರು. ಕಾಳಿಗೆ ಬೂಸ್ಟು ಹಿಡಿದು, ಆ ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಿತ್ತು. ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿದ 397 ರೋಗಿಗಳಲ್ಲಿ 106 ಮಂದಿ ಸತ್ತರು. ಅದೇ ಮನೆಗಳಲ್ಲಿ ಅದೇ ರೊಟ್ಟಿಯ ಚೂರು ತಿಂದ ನಾಯಿಗಳಿಗೂ ಅದೇ ರೀತಿ ಕಾಮಾಲೆಯಾಗಿ ಹೊಟ್ಟೆ ಊದಿ ಸತ್ತಿದ್ದವು. ಅಂಟುರೋಗವಾಗಿದ್ದರೆ ನಾಯಿಗೂ ಮನುಷ್ಯನಿಗೂ ಒಟ್ಟಿಗೆ ಹೀಗೆ ಬರುವುದು ಅಪರೂಪ. ಒಂದೇ ತಾಟಿನ ಅನ್ನದಲ್ಲಿ ವಿಷವಿದ್ದರೆ ಬಾರದಿರುವುದೇ ಅಪರೂಪ.

ಊರಿನಿಂದ ಶೇಂಗಾ, ಜೋಳ, ಮೆಕ್ಕೆಜೋಳ ಚೀಲಗಟ್ಟಲೆ ತಂದು ಇಲ್ಲಿಯ ತೇವದ ಮಳೆಗಾಲದಲ್ಲಿ ಅಟ್ಟದ ಮೇಲೆ ಇಡುವ ನಮಗೆ ಈ ಮಾತು ತೀರ ಹತ್ತಿರದ್ದು. ಬೂಸ್ಟು ಹಿಡಿದ, ಕಹಿಯಾದ ಶೇಂಗಾವನ್ನು ಹುರಿದರೂ ಕುದಿಸಿದರೂ ವಿಷ ಪೂರ್ತಿ ಹೋಗುವುದಿಲ್ಲ. ಆರಿಸಿ ಎಸೆಯಬೇಕು. ಎಸೆಯಲು ಮನಸ್ಸಾಗದೆ ನಾಯಿಗೋ ಎಮ್ಮೆಗೋ ಹಾಕುವುದೂ ಸಲ್ಲದು.

ಎಳೆಮಗುವಿನ ಕಾಮಾಲೆ

ಹುಟ್ಟಿದ ಎರಡನೆಯ, ಮೂರನೆಯ ದಿನ ಅರ್ಧಕ್ಕಿಂತ ಹೆಚ್ಚು ಶಿಶುಗಳು ತುಸು ಹಳದಿಯಾಗುತ್ತವೆ. ಬಹುಮಟ್ಟಿಗೆ ಇದು ತಾನೇ ಇಳಿಯುತ್ತದೆ. ಆದರೆ ಮೊದಲ 24 ತಾಸಿನಲ್ಲೇ ಹಳದಿಯಾದರೆ, ಅಂಗೈ ಅಂಗಾಲಿಗೂ ಬಣ್ಣ ಇಳಿದರೆ, ಮಗು ಹಾಲು ಕುಡಿಯದೆ ಮಂಕಾದರೆ, ಬಿಲಿರುಬಿನ್ ಮೆದುಳಿಗೆ ಸೇರಿ ಶಾಶ್ವತವಾದ ಊನ ಉಂಟಾಗುವ ಭಯವಿದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್ ಎಂಬವರು, ಬಿಸಿಲಿಗೆ ಒಡ್ಡಿದ ಮಗುವಿನ ಚರ್ಮ ತಿಳಿಯಾಗಿ, ಬಟ್ಟೆ ಮುಚ್ಚಿದ ಭಾಗ ಮಾತ್ರ ಹಳದಿಯಾಗಿಯೇ ಉಳಿದುದನ್ನು ಗಮನಿಸಿದರು. ಅದರಿಂದ ಹುಟ್ಟಿದುದೇ ಈಗ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿರುವ ನೀಲಿ ಬೆಳಕಿನ ಚಿಕಿತ್ಸೆ. ಕಿಟಕಿಯ ಬಿಸಿಲು ಅದಕ್ಕೆ ಸಾಟಿಯಲ್ಲ. ಎಳೆಮಗುವಿಗೆ ಬರೆ ಹಾಕುವ ಪದ್ಧತಿ ನಮ್ಮ ಕೆಲವು ಊರುಗಳಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಅದರಿಂದ ಗಾಯವೂ ನಂಜೂ ಆಗುವುದೇ ಹೊರತು ಬಿಲಿರುಬಿನ್ ಒಂದು ಎಳ್ಳಿನಷ್ಟೂ ಇಳಿಯುವುದಿಲ್ಲ.

ನಾಟಿ ಮದ್ದಿನ ಯಶಸ್ಸಿನ ಗುಟ್ಟು

ನಾಟಿ ಮದ್ದಿನಿಂದ ಗುಣವಾದವರನ್ನು ಕಣ್ಣಾರೆ ಕಂಡಿದ್ದೇವೆ ಎಂದು ವಾಚಕರು ಹೇಳಬಹುದು. ಕಂಡದ್ದು ನಿಜ. ತಾನಾಗಿ ಇಳಿಯುವ ರೋಗಕ್ಕೆ ಯಾವ ಮದ್ದು ಕೊಟ್ಟರೂ ಗುಣವಾಯಿತೆಂಬ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಕೊರಳಿಗೆ ಕಟ್ಟಿದ ಕಡ್ಡಿಯ ಹಾರ ದಿನದಿನಕ್ಕೆ ಉದ್ದವಾಗುವುದು ಹಸಿಕಡ್ಡಿ ಒಣಗಿ ಗಂಟು ಸಡಿಲುವುದರಿಂದ. ಕೈ ತೊಳೆದ ಸುಣ್ಣದ ನೀರು ಹಳದಿಯಾಗುವುದು ಕೈಗೆ ಮೊದಲೇ ಸವರಿದ ಮಾವಿನ ತೊಗಟೆಯ ರಸದಿಂದ. ಮೂಗಿಗೆ ಬಿಟ್ಟ ಖಾರದ ರಸದಿಂದ ಸುರಿಯುವ ಹಳದಿ ನೀರು ಮೂಗಿನ ಉರಿಯೂತದ್ದು. ಯಕೃತ್ತಿನಿಂದ ಮೂಗಿಗೆ ದಾರಿಯೇ ಇಲ್ಲ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿಲ್ಲ. 1988ರಲ್ಲಿ ಮದರಾಸಿನಲ್ಲಿ ನಡೆದ ಪರೀಕ್ಷೆ ಆಸೆ ಹುಟ್ಟಿಸಿತು; ಹೆಪಟೈಟಿಸ್ ಬಿ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅದರಲ್ಲಿ ಪಾಲುಗೊಂಡಿದ್ದರು. ಆದರೆ ಬೇರೆಡೆಯ ಪರೀಕ್ಷೆಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಅಮೃತಬಳ್ಳಿ ಸೇವಿಸಿದ ಬಳಿಕ ಯಕೃತ್ತು ಕೆಟ್ಟ ಆರು ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಬೇನೆಬಿದ್ದ ಯಕೃತ್ತಿಗೆ ಗೊತ್ತಿಲ್ಲದ ರಸ ಹೊರಿಸುವುದು ಜಾಣತನವಲ್ಲ. ಮದ್ದಿಗಿಂತ ದೊಡ್ಡ ನಷ್ಟ ಕಾಲದ್ದು. ವಯಸ್ಸಾದವರಿಗೆ ನೋವಿಲ್ಲದೆ ಕಾಮಾಲೆಯಾಗಿ, ಮೈ ತುರಿಸಿ, ಮಲ ಜೇಡಿಮಣ್ಣಿನಂತೆ ಬಿಳಚಿದರೆ ಪಿತ್ತನಾಳ ಮುಚ್ಚಿದೆಯೆಂದು ತಿಳಿಯಬೇಕು. ಕಲ್ಲಿರಬಹುದು, ಅರ್ಬುದದ ಗಡ್ಡೆ ಇರಬಹುದು. ಅಲ್ಲಿ ಕಳೆದ ಎರಡು ತಿಂಗಳು ಮರಳಿ ಬಾರದು.

ಮಾಡತಕ್ಕದ್ದು, ಬಿಡತಕ್ಕದ್ದು

ಕಣ್ಣು ಹಳದಿಯಾದೊಡನೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಕಾರಣ ಯಾವುದೆಂದು ತಿಳಿಯಬೇಕು. ಡೊಂಬಿವಲಿಯಲ್ಲಿ ಶಾಸ್ತ್ರಿನಗರದ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ ಮಹಾನಗರಪಾಲಿಕೆ ಆಸ್ಪತ್ರೆಗಳಿವೆ. ರಾಸಾಯನಿಕ ಖಾತೆಯಲ್ಲಿ ದುಡಿಯುವವರು ಯಾವ ದ್ರಾವಕದ ಬಳಿ ಕೆಲಸವೆಂಬುದನ್ನೂ ಹೇಳಬೇಕು. ಕೆಲವು ದ್ರಾವಕಗಳ ಆವಿ ಯಕೃತ್ತನ್ನು ಕೆಡಿಸುತ್ತದೆ. ಸೆರೆ ಪೂರ್ತಿ ನಿಲ್ಲಬೇಕು. ಪ್ಯಾರಾಸಿಟಮಾಲನ್ನೂ ಡಾಕ್ಟರರನ್ನು ಕೇಳದೆ ನುಂಗಬಾರದು.

ಹಳದಿ ರೋಗವೆಂದು ಅರಿಶಿನ ಬಿಡುವುದರಲ್ಲಿ ಅರ್ಥವಿಲ್ಲ; ಉಪ್ಪಿಲ್ಲದ ಗಂಜಿಯಲ್ಲಿ ರೋಗಿಯನ್ನು ಸೊರಗಿಸುವುದೂ ಬೇಡ. ಸೇರುವಷ್ಟು ಅನ್ನ, ಬೇಳೆ, ಮೊಸರು, ಹಣ್ಣು ಕೊಡಬಹುದು. ಕಬ್ಬಿನ ರಸ ಒಳ್ಳೆಯದೆಂದು ರಸ್ತೆಬದಿಯ ಗಾಣಕ್ಕೆ ಹೋಗುವವರು ಅಲ್ಲಿಯ ಮಂಜುಗಡ್ಡೆ ಯಾವ ನೀರಿನದೆಂದು ಕೇಳಲಿ. ರೋಗಿ ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ, ತಡವರಿಸಿ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ, ವಸಡಿನಿಂದ ರಕ್ತ ಬಂದರೆ, ಒಂದು ಗಳಿಗೆಯೂ ತಡೆಯಬಾರದು.

ಪಗಾರ ಕಡಿತವಾಗುವುದೆಂದು ಹೆದರಿ ಹಳದಿ ಕಣ್ಣಿನಿಂದಲೇ ಪಾಳಿಗೆ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಈಎಸ್‌ಐ ಚೀಟಿ ಇದ್ದವರಿಗೆ, ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿದ್ದರೆ, ವರ್ಷಕ್ಕೆ 91 ದಿನಗಳ ವರೆಗೆ ಪಗಾರದ ನೂರಕ್ಕೆ 70ರಷ್ಟು ಕಾಯಿಲೆ ಭತ್ಯೆ ದೊರೆಯುತ್ತದೆ. ಡಿಸ್ಪೆನ್ಸರಿಯ ಡಾಕ್ಟರರ ಸರ್ಟಿಫಿಕೇಟು ಬೇಕು. ಮಂತ್ರವಾದಿಯ ಚೀಟಿ ನಡೆಯದು. ಗುತ್ತಿಗೆಯ ಕೆಲಸಗಾರರೂ ತಮ್ಮ ಹೆಸರು ನೋಂದಣಿಯಾಗಿದೆಯೋ ಇಲ್ಲವೋ ಎಂದು ಆರೋಗ್ಯವಿದ್ದಾಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅರ್ಜಿ ತುಂಬಲು ಬರದವರು ಸಂಜೆ ವಾಚನಾಲಯಕ್ಕೆ ಬಂದರೆ ತುಂಬಿಕೊಡುವವರಿದ್ದಾರೆ.